ಮೇಷ್ಟ್ರ ಮನೆ ಸರ್ವೋ

ನನಗೆ ಒಳ್ಳೆಯ ಕಿವಿ ಇದೆ ಎಂದು ಮೊದಲು ಹೇಳಿದವನು ಅವನೇ. ನಾಗಮಂಗಲದಲ್ಲಿ ಪಿಯುಸಿ ಓದುವಾಗ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದೆವು. ನಾನು ಅರಕೆರೆಯಿಂದ ಹೋದವನು, ಅವನು ಕಿಕ್ಕೇರಿ ಕಡೆಯವನು. ಅವನ ಹತ್ತಿರ ಹಳೆಯದೊಂದು ಟೇಪ್ ರೆಕಾರ್ಡರ್ ಇತ್ತು. ಅದರ ಸ್ಪೀಕರನ್ನು ಬಿಚ್ಚಿ ಒಮ್ಮೆ ಮಡಕೆಯ ಬಾಯಿಗೆ, ಒಮ್ಮೆ ಬಕೆಟ್ಟಿಗೆ, ಒಮ್ಮೆ ಅವರಮ್ಮ ಚಕ್ಕುಲಿ ತುಂಬಿ ಕಳಿಸಿದ್ದ ತಗಡಿನ ಡಬ್ಬಕ್ಕೆ ಕೂರಿಸಿ, "ಈಗ ಹೆಂಗೈತೆ ಯೋಳ್ಲಾ" ಎನ್ನುತ್ತಿದ್ದ. ಮಡಕೆಯಲ್ಲಿ ಎಲ್ಲವೂ ಗುಂಯ್ ಎನ್ನುತ್ತದೆ, ಡಬ್ಬದಲ್ಲಿ ತಗಡೂ ಸೇರಿಕೊಂಡು ಹಾಡುತ್ತದೆ ಎಂದು ನಾನು ಹೇಳುತ್ತಿದ್ದೆ. "ನಿಂಗೆ ಕಿವಿ ಐತೆ ಕಣ್ಲಾ, ನಂಗೆ ಕೈ ಐತೆ" ಎಂದು ಅವನು ತೀರ್ಮಾನ ಕೊಟ್ಟ. ಆ ತೀರ್ಮಾನವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿಕೊಂಡು ಬದುಕಿದೆ. ಇದನ್ನು ಬರೆಯುತ್ತಿರುವುದು ಸಿಟ್ಟಿನಿಂದ. ಸಿಟ್ಟು ಇಳಿದ ಮೇಲೆ ಬರೆದರೆ ಚೆನ್ನಾಗಿತ್ತೇನೋ, ಆದರೆ ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ.

ಅವನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ರೇಡಿಯೋ ರಿಪೇರಿ ಕಲಿತ. ಆಮೇಲೆ ಕೆ.ಆರ್. ಪೇಟೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಸ್ನೇಹ ಮಾತ್ರ ಹಾಗೇ ಉಳಿಯಿತು. ದೊಡ್ಡ ಮದುವೆಗೋ ಬೀಗರ ಊಟಕ್ಕೋ ಸೆಟ್ ಹಾಕುವಾಗ ನನಗೆ ಫೋನು ಮಾಡಿ, "ಬಂದು ಒಂದ್ಸಲ ಕೇಳ್ಬುಡು" ಎನ್ನುತ್ತಿದ್ದ. ನಾನು ಶಾಮಿಯಾನದ ಆ ತುದಿಯಲ್ಲಿ ನಿಂತು ಕೈಯನ್ನು ಮೇಲೆ ಕೆಳಗೆ ಆಡಿಸುವುದು, ಅವನು ಈ ತುದಿಯಲ್ಲಿ ಗುಂಡಿ ತಿರುಗಿಸುವುದು. ನನಗೆ ಕೆಲಸ ಸಿಕ್ಕ ದಿನದಿಂದ ಅವನದೊಂದು ಪದ್ಧತಿ ಶುರುವಾಯಿತು. ನಾಲ್ಕು ಜನರ ಎದುರು ನಾನು "ಮೇಷ್ಟ್ರೇ, ನೀವು". ಇಬ್ಬರೇ ಇದ್ದಾಗ "ಲೇ". ನನಗೆ ಎರಡೂ ಇಷ್ಟವಾಗುತ್ತಿದ್ದವು.

ಬಾಬುರಾಯನಕೊಪ್ಪಲಿನಲ್ಲಿ ನಾನು ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಅವನು ಬಂದದ್ದು ಲಗೇಜ್ ಆಟೋದಲ್ಲಿ, ತಾನೇ ಮಾಡಿದ ಎರಡು ಸ್ಪೀಕರುಗಳು ಮತ್ತು ಒಂದು ದೊಡ್ಡ ಬೇಸ್ ಬಾಕ್ಸಿನ ಜೊತೆ. ದಪ್ಪ ಪ್ಲೈವುಡ್ಡು, ಮೂಲೆಗಳಿಗೆ ಫೆವಿಕಾಲು ಮತ್ತು ಮರದ ಪುಡಿ, ಒಳಗೆ ಹತ್ತಿ. ತಂತಿಗಳನ್ನೆಲ್ಲ ಸೇರಿಸಿ ಗೋಣಿ ದಾರದಿಂದ ಕಟ್ಟಿದ್ದ. ಅವನು ಯಾವ ಕೆಲಸ ಮಾಡಿದರೂ ತಂತಿಗೆ ಗೋಣಿ ದಾರ, ಅದಕ್ಕೆ ಎರಡು ಗಂಟು. ಪ್ಲಾಸ್ಟಿಕ್ ಟ್ಯಾಗು ಬಿಸಿಲಿಗೆ ಪುಡಿಯಾಗುತ್ತದೆ, ದಾರ ಆಗುವುದಿಲ್ಲ ಎಂಬುದು ಅವನ ವಾದ. ಆ ಬಾಕ್ಸಿನಲ್ಲಿ ಹದಿನೈದು ವರ್ಷ ಹಾಡು ಕೇಳಿದೆ. ಮೃದಂಗದ ಎಡಬದಿಗೆ ಮೆತ್ತಿದ ರವೆಹಿಟ್ಟಿನ ತೂಕ ಕೂಡ ಅದರಲ್ಲಿ ಕೇಳಿಸುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಗ ನನಗೆ ಇನ್ನೂ ಒಳ್ಳೆಯದು ಬೇಕಾಗಿತ್ತು.

ನಮ್ಮಂಥವರ ರೋಗ ಇದು. ಪತ್ರಿಕೆ ಓದುತ್ತೇವೆ, ವಿಡಿಯೋ ನೋಡುತ್ತೇವೆ, ಎಲ್ಲೋ ಯಾರೋ ತನ್ನ ಮನೆಯ ಹಾಲಿನಲ್ಲಿ ಏನೋ ಕೇಳಿಸಿಕೊಂಡನಂತೆ ಎಂದು ನಮ್ಮ ಹಾಲಿನಲ್ಲಿ ನಿದ್ದೆಗೆಡುತ್ತೇವೆ. ನನಗೆ ತಲೆಗೇರಿದ್ದು ತಗ್ಗು ಸ್ವರಗಳಿಗೆಂದೇ ಮಾಡಿದ ಪೆಟ್ಟಿಗೆ, ಸರ್ವೋ ಸಬ್‌ವೂಫರ್. ಅದರ ತತ್ವವೇ ನನ್ನಂಥ ಮೇಷ್ಟ್ರನ್ನು ಮರುಳು ಮಾಡುವಂಥದು. ಸಾಮಾನ್ಯ ಸಬ್‌ವೂಫರಿನಲ್ಲಿ ಆಂಪ್ಲಿಫೈಯರು "ಇಷ್ಟು ಅಲುಗು" ಎನ್ನುತ್ತದೆ, ಸ್ಪೀಕರಿನ ಕೋನು, ಅಂದರೆ ಅದರ ಅದುರುವ ಪೊರೆ, ತನಗೆ ಆದಷ್ಟು ಅಲುಗುತ್ತದೆ. ಸರಿಯಾಗಿ ಅಲುಗಿತೋ ಇಲ್ಲವೋ ಎಂದು ಕೇಳುವವರಿಲ್ಲ. ಸರ್ವೋದಲ್ಲಿ ಕೋನಿನ ಹಿಂದೆ ಒಂದು ಪುಟ್ಟ ಸೆನ್ಸರು ಇರುತ್ತದೆ. ಕೋನು ನಿಜವಾಗಿ ಎಷ್ಟು ಅಲುಗಿತು ಎಂದು ಅಳೆದು, ಒಂದು ತೆಳ್ಳನೆಯ ತಂತಿಯಲ್ಲಿ ಆಂಪ್ಲಿಫೈಯರಿಗೆ ವಾಪಸ್ಸು ತಿಳಿಸುತ್ತದೆ. ತಪ್ಪಿದ್ದರೆ ಆಂಪ್ಲಿಫೈಯರು ಆ ಕ್ಷಣವೇ ತಿದ್ದುತ್ತದೆ. ಎಷ್ಟು ಚೆನ್ನಾಗಿದೆ ನೋಡಿ. ನಾನು ಅದನ್ನು ಒಂಬತ್ತನೇ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ, ಪಠ್ಯದಲ್ಲಿ ಇಲ್ಲದಿದ್ದರೂ.

ಬೆಂಗಳೂರಿನ ಅಂಗಡಿಯಲ್ಲಿ ಅದನ್ನು ಕೇಳಿದೆ. ನೆಲಕ್ಕೆ ಜಮಖಾನ, ಗೋಡೆಗೆ ಬಟ್ಟೆ ಹೊದಿಸಿದ ಕೋಣೆ. ಅಂಥ ಕೋಣೆಯಲ್ಲಿ ನನ್ನ ಕೆಮ್ಮು ಕೂಡ ದುಬಾರಿಯಾಗಿ ಕೇಳಿಸುತ್ತಿತ್ತು. ಅದರ ಬೆಲೆ ನನ್ನ ಎರಡು ತಿಂಗಳ ಸಂಬಳವನ್ನೂ ಮೀರಿತ್ತು. ಹೆಂಡತಿ "ನಿಮ್ಮ ಕಿವಿ, ನಿಮ್ಮ ಸಂಬಳ" ಎಂದು ಒಂದೇ ಮಾತು ಹೇಳಿ ಸುಮ್ಮನಾದಳು. ಸ್ನೇಹಿತನಿಗೆ ಫೋನು ಮಾಡಿದಾಗ ಅವನು, "ನಾನ್ ಮಾಡ್ಕೊಟ್ಟಿದ್ದು ಚೆನ್ನಾಗಿಲ್ವೇನ್ಲಾ?" ಎಂದು ಕೇಳಿದ. ಚೆನ್ನಾಗಿದೆ ಕಣೋ, ಆದರೆ ಇದು ಬೇರೆ ಲೆವೆಲ್ಲು ಎಂದೆ. ಬೇರೆ ಲೆವೆಲ್ಲು ಎಂಬ ಆ ಮಾತನ್ನು ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಅವನ ಬಾಕ್ಸನ್ನು ಹಿಂದಿನ ವರಾಂಡಕ್ಕೆ ಸಾಗಿಸಿದೆವು. ಎತ್ತರ ಸರಿಯಾಗಿತ್ತೆಂದು ಅದರ ಮೇಲೆ ಕುಡಿಯುವ ನೀರಿನ ಕ್ಯಾನು ಇಟ್ಟೆವು.

ಸರ್ವೋ ಬಂತು. ಇಬ್ಬರು ಹೊತ್ತು ತರುವಷ್ಟು ಭಾರ. ಅದನ್ನು ಎಲ್ಲಿಡಬೇಕು ಎಂದು ಯೋಚಿಸುವ ಅಗತ್ಯವೇ ಬರಲಿಲ್ಲ. ಭಾರದ ವಸ್ತು ನೈಋತ್ಯಕ್ಕೆ ಎಂದು ನಮ್ಮತ್ತೆ ಹೇಳಿದರು, ಹೊತ್ತು ತಂದವರೂ ಹೌದೌದು ಎಂದರು. ಬೀರು, ಅಕ್ಕಿ ಮೂಟೆ ಎಲ್ಲ ಹಾಗೇ ಇಡುವುದು ತಾನೇ. ನಾನು ವಾಸ್ತು ನಂಬುವವನಲ್ಲ, ಆದರೆ ಅತ್ತೆಯ ಜೊತೆ ವಾದ ಮಾಡುವವನೂ ಅಲ್ಲ. ಹಾಲಿನ ನೈಋತ್ಯ ಮೂಲೆಗೆ ಅದನ್ನು ಒತ್ತಿ ಕೂರಿಸಿದೆವು. ಹಾಡು ಹಾಕಿದೆ. ಮೂಲೆಯಿಂದ ಬೂಂ ಎಂಬ ಒಂದೇ ಸ್ವರ. ಯಾವ ರಾಗ, ಯಾವ ವಾದ್ಯ ಹಾಕಿದರೂ ಅದೇ ಬೂಂ. ಷೋಕೇಸಿನ ಗಾಜು ಕಟಕಟ ಎನ್ನುತ್ತಿತ್ತು. ನಡುನಡುವೆ ಟಪ್ ಟಪ್ ಎಂಬ ಸದ್ದು ಬೇರೆ. ನನಗೆ ಅಳು ಬರುವುದೊಂದು ಬಾಕಿ. ಹೆಂಡತಿಯ ಎದುರು ಮಾತ್ರ, ಹೊಸದು ತಾನೇ, ಸ್ವಲ್ಪ ದಿನ ಪಳಗಬೇಕು ಎಂದೆ.

ವಾರ ಕಳೆಯಿತು, ಅದು ಪಳಗಲಿಲ್ಲ. ಸ್ನೇಹಿತನನ್ನು ಕರೆಸಿದೆ. ಭಾನುವಾರ ಬೆಳಿಗ್ಗೆ ಸೋಲ್ಡರಿಂಗ್ ಕಡ್ಡಿ ಹಿಡಿದು ಬಂದ. ವರಾಂಡದಲ್ಲಿ ಕೈಕಾಲು ತೊಳೆದುಕೊಂಡ. ತನ್ನ ಬಾಕ್ಸಿನ ಮೇಲಿದ್ದ ಕ್ಯಾನಿನಿಂದಲೇ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದು ಒಳಗೆ ಬಂದ. ನಾನು ಉಪ್ಪಿಟ್ಟು ತರಲು ಅಡುಗೆಮನೆಗೆ, ಹಾಲು ತರಲು ಅಂಗಡಿಗೆ ಎಂದು ಓಡಾಡುತ್ತಿದ್ದೆ. ಅವನು ಸರ್ವೋವನ್ನು ಮೂಲೆಯಿಂದ ಎಳೆದು, ಹಿಂಬದಿ ಬಿಚ್ಚಿ, ಏನೋ ಮಾಡಿ, ಮುಚ್ಚಿ, ಬಾಗಿಲ ಪಕ್ಕದ ಉದ್ದ ಗೋಡೆಯ ನಡುವೆ ಇಟ್ಟ. ಹೆಂಡತಿ, ಅತ್ತೆ ಎದುರಿಗೇ ನಿಂತಿದ್ದರು. "ಈಗ ಆಕಿ ನೋಡಿ ಮೇಷ್ಟ್ರೇ" ಎಂದ. ಹಾಕಿದೆ. ಬೂಂ ಹೋಗಿತ್ತು. ಟಪ್ ಟಪ್ ಹೋಗಿತ್ತು. ಡೋಲಿನ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಎದೆಗೆ ಬಂದು ತಾಗಿತು. ನಾನು ಅವನ ಭುಜ ಹಿಡಿದು ಅಲ್ಲಾಡಿಸಿ, "ಇದು ಕಣೋ ಸರ್ವೋ ಅಂದ್ರೆ! ಏನ್ ಮಾಡಿದೆ?" ಎಂದು ಕೂಗಿದೆ. ಅವನು ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ಕನೆಕ್ಷನ್ ಲೂಸ್ ಆಗಿತ್ತು" ಎಂದ. ಮಧ್ಯಾಹ್ನ ಊಟ ಮಾಡಿಕೊಂಡು ಬಸ್ಸು ಹತ್ತಿದ.

ಅತ್ತೆಗೆ ಜಾಗ ಬದಲಾದದ್ದು ಹಿಡಿಸಲಿಲ್ಲ. ರಿಪೇರಿಯವರು ಹೇಳಿದ್ದಾರೆ ಎಂದು ಬಾಯಿ ಮುಚ್ಚಿಸಿದೆ.

ಆಮೇಲಿನ ಆರು ವರ್ಷ ನನ್ನ ಜಂಭಕ್ಕೆ ಮಿತಿಯಿರಲಿಲ್ಲ. ಆ ಜಂಭಕ್ಕೆ ನೀರೆರೆದು ಬೆಳೆಸಿದವನು ಅವನೇ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಯಾರನ್ನಾದರೂ ಮನೆಗೆ ಕರೆದುಕೊಂಡು ಬರುತ್ತಿದ್ದ. ನಾಗಮಂಗಲದ ಕಲ್ಯಾಣಮಂಟಪದ ಯಜಮಾನರು, ಕಿಕ್ಕೇರಿಯ ಗೊಬ್ಬರದ ಅಂಗಡಿಯವರು, ಹೊಸ ಮನೆ ಕಟ್ಟಿಸಿ ಹಾಲಿಗೆ ಹೋಮ್ ಥಿಯೇಟರ್ ಹಾಕಿಸಬೇಕು ಎನ್ನುವ ಯಾರೋ ಒಬ್ಬರು. "ಮೇಷ್ಟ್ರ ಮನೆ ಸರ್ವೋ ಒಂದ್ಸಲ ಕೇಳ್ಬುಡಿ ಅಂತ ಕರ್ಕೊಂಡ್ಬಂದೆ" ಎನ್ನುತ್ತಿದ್ದ. ಅವರನ್ನು ಸೋಫಾದ ಮೇಲೆ ಕೂರಿಸಿ ನಾನು ಪಾಠ ಶುರು ಮಾಡುತ್ತಿದ್ದೆ. ಕೋನು, ಸೆನ್ಸರು, ವಾಪಸ್ಸು ಬರುವ ತಂತಿ. ಬೆಲೆ ಜಾಸ್ತಿ ಎಂದು ಹೆದರಬೇಡಿ, ಕೊಟ್ಟ ಬೆಲೆಯೇ ಸದ್ದಾಗಿ ವಾಪಸ್ಸು ಬರುತ್ತದೆ ಎಂದು ಹೇಳುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಹೆಂಡತಿ ಕಾಫಿ ತರುತ್ತಿದ್ದಳು, ಕೆಲವರಿಗೆ ಎರಡೆರಡು ಸಲ. ಒಮ್ಮೆ ಒಬ್ಬರು ಕಾಫಿ ಕುಡಿಯುತ್ತ ನಗು ತಡೆಯಲಾರದೆ ಕೆಮ್ಮಿದರು. ಕಾಫಿ ನೆತ್ತಿಗೆ ಹತ್ತಿರಬೇಕು ಎಂದು ನಾನೇ ಎದ್ದು ನೀರು ತಂದುಕೊಟ್ಟೆ.

ಹೀಗಿರುವಾಗ ಕಳೆದ ವರ್ಷ ಪಾಂಡವಪುರದಲ್ಲಿ ನಮ್ಮ ತಾಲ್ಲೂಕಿನ ವಿಜ್ಞಾನ ಮತ್ತು ಗಣಿತ ಶಿಕ್ಷಕರ ಸಭೆಯಲ್ಲಿ ಒಂದು ಪ್ರಾತ್ಯಕ್ಷಿಕೆ ಕೊಡುವ ಸರದಿ ನನ್ನದಾಯಿತು. ಎಲ್ಲರೂ ಲೋಲಕ, ಕಾಂತ, ಲಿಟ್ಮಸ್ ಕಾಗದ ಹಿಡಿದುಕೊಂಡು ಬರುವವರು. ನಾನು ಸರ್ವೋವನ್ನೇ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋದೆ. ಯೋಜನೆ ಸರಳವಾಗಿತ್ತು. ಮೊದಲು ಡೋಲಿನ ತುಣುಕೊಂದನ್ನು ಸರ್ವೋ ಕೆಲಸ ಮಾಡುವಾಗ ಕೇಳಿಸುವುದು. ಆಮೇಲೆ ಎಲ್ಲರ ಕಣ್ಣೆದುರೇ ಹಿಂಬದಿ ಬಿಚ್ಚಿ, ಸೆನ್ಸರಿನಿಂದ ಬರುವ ತಂತಿಯನ್ನು ಕಳಚಿ, ಅದೇ ತುಣುಕನ್ನು ಮತ್ತೆ ಕೇಳಿಸುವುದು. ತಿದ್ದುವವರು ಇಲ್ಲದಿದ್ದರೆ ಸದ್ದು ಹೇಗೆ ಕೆಡುತ್ತದೆ ಎಂದು ಅವರ ಕಿವಿಗೇ ಗೊತ್ತಾಗಬೇಕು.

ಮೊದಲ ತುಣುಕು ಮುಗಿಯಿತು. ನಲವತ್ತು ಜನ ಶಿಕ್ಷಕರು ಬೆಂಚುಗಳಲ್ಲಿ ಕೂತಿದ್ದರು. ನಾನು ಅವರಿಗೆ ಕಾಣುವಂತೆ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಹಿಂಬದಿಯ ಹಲಗೆ ತೆಗೆದು ಒಳಗೆ ಬಗ್ಗಿದೆ. ಸೆನ್ಸರಿನ ತಂತಿ ಇತ್ತು. ಅದನ್ನು ಮಧ್ಯಕ್ಕೆ ಕತ್ತರಿಸಿತ್ತು. ಎರಡು ತುದಿಗಳಿಗೂ ಕಪ್ಪು ಟೇಪು ಸುತ್ತಿತ್ತು. ಆಂಪ್ಲಿಫೈಯರಿನ ಕಡೆ ಯಾರೋ ಅಚ್ಚುಕಟ್ಟಾಗಿ ಒಂದು ರೆಸಿಸ್ಟರ್ ಬೆಸೆದು, ತಂತಿ ಇಲ್ಲದೆಯೂ ಅದು ಸುಮ್ಮನೆ ಕೆಲಸ ಮಾಡಿಕೊಂಡಿರುವಂತೆ ಮಾಡಿದ್ದರು. ಕತ್ತರಿಸಿದ ತಂತಿಯನ್ನು ಮಡಿಚಿ ಗೋಣಿ ದಾರದಿಂದ ಕಟ್ಟಿತ್ತು. ಎರಡು ಗಂಟು.

ಆರು ವರ್ಷ ನಾನು ಹೊಗಳಿದ ಸರ್ವೋ ಒಂದು ದಿನವೂ ಸರ್ವೋ ಆಗಿರಲಿಲ್ಲ. ಆ ಭಾನುವಾರ ಬದಲಾದದ್ದು ಎರಡು: ತಂತಿ ಹೋಯಿತು, ಪೆಟ್ಟಿಗೆ ಮೂಲೆಯಿಂದ ಗೋಡೆಯ ನಡುವಿಗೆ ಬಂತು. ಮೂಲೆಯಲ್ಲಿ ಇಟ್ಟರೆ ತಗ್ಗು ಸ್ವರ ಹಿಗ್ಗಿ ಬೂಂ ಎನ್ನುತ್ತದೆ ಎಂಬುದು ನಾನೇ ಪಾಠ ಮಾಡುವ ತರಂಗಗಳ ಅಧ್ಯಾಯದ ಮಾತು. ಒಂದು ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಾಯಿಸಿ ಎಂದು ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ನಾನು, ನನ್ನ ಹಾಲಿನಲ್ಲಿ ಎರಡು ಒಟ್ಟಿಗೆ ಬದಲಾದದ್ದನ್ನು ನೋಡಿಯೂ ನೋಡಲಿಲ್ಲ. ಕೆಲಸ ಮಾಡಿದ್ದು ಜಾಗ. ಹೆಸರು ಬಂದದ್ದು ಬೆಲೆಗೆ.

ಬೆನ್ನ ಹಿಂದೆ ನಲವತ್ತು ಜನ ಕಾಯುತ್ತಿದ್ದರು. ಆಗ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ಕೈಯನ್ನು ಒಳಗೆ ಹಾಕಿ, ಏನನ್ನೋ ಎಳೆದಂತೆ ನಟಿಸಿ, ತಿರುಗಿ, "ಈಗ ತಂತಿ ಕಳಚಿದ್ದೇನೆ, ಗಮನವಿಟ್ಟು ಕೇಳಿ" ಎಂದೆ. ಅದೇ ತುಣುಕು ಹಾಕಿದೆ. ಅದೇ ಪೆಟ್ಟಿಗೆ, ಅದೇ ಕತ್ತರಿಸಿದ ತಂತಿ, ಕೂದಲೆಳೆಯಷ್ಟೂ ಬದಲಾಗದ ಸದ್ದು. ಮುಗಿದ ಮೇಲೆ, "ವ್ಯತ್ಯಾಸ ಗೊತ್ತಾಯ್ತಾ?" ಎಂದು ಕೇಳಿದೆ. ಮುಂದಿನ ಬೆಂಚಿನ ಗಣಿತದ ಮೇಷ್ಟ್ರು, "ಗೊತ್ತಾಯ್ತು ಸಾರ್, ಈಗ ಒಂಥರಾ ಸಡಿಲ ಆದಂಗೈತೆ" ಎಂದರು. ಹಿಂದಿನವರು ಹೌದು ಹೌದು ಎಂದರು. ಚಪ್ಪಾಳೆ ತಟ್ಟಿದರು.

ಊಟಕ್ಕೂ ನಿಲ್ಲದೆ ಕಾರನ್ನು ಕೆ.ಆರ್. ಪೇಟೆ ಕಡೆ ತಿರುಗಿಸಿದೆ. ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಹಾರ್ನ್ ಹೊಡೆಯುತ್ತ, ಅವನಿಗೆ ಹೇಳಬೇಕಾದ ಮಾತುಗಳನ್ನು ಜೋರಾಗಿ ಹೇಳಿಕೊಳ್ಳುತ್ತ ಹೋದೆ. ದಾರಿಯುದ್ದಕ್ಕೂ ಕೇಳಬಾರದ ಬೈಗುಳವೆಲ್ಲ ಆ ಹಳೆಯ ಕಾರು ಕೇಳಿಸಿಕೊಂಡಿತು.

ಅವನು ಅಂಗಡಿಯಲ್ಲಿ ಒಬ್ಬನೇ ಕೂತು ಮೈಕ್‌ಸೆಟ್ಟಿನ ಹಾರನ್ನಿಗೆ ಬಣ್ಣ ಬಳಿಯುತ್ತಿದ್ದ. ಇಬ್ಬರು ಹೊರುವ ಸರ್ವೋವನ್ನು ನಾನು ಸಿಟ್ಟಿನ ಭರದಲ್ಲಿ ಒಬ್ಬನೇ ತಬ್ಬಿಕೊಂಡು ತಂದು ಅವನ ಮುಂದೆ ಕುಕ್ಕಿದೆ. ಹಿಂಬದಿ ತೆರೆದೇ ಇತ್ತು. ಅವನು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ ಬ್ರಷ್ಷನ್ನು ಡಬ್ಬದೊಳಗೆ ಇಟ್ಟ.

"ಇದೇನೋ?" ಎಂದೆ.

"ಕಟ್ ಮಾಡಿದ್ದೆ" ಎಂದ.

"ಕನೆಕ್ಷನ್ ಲೂಸ್ ಅಂದಿದ್ದೆ."

"ಸೆನ್ಸರೇ ಕೆಟ್ಟೋಗಿತ್ತು ಕಣ್ಲಾ. ಬರೋವಾಗ್ಲೇ ಎಲ್ಲೋ ಪೆಟ್ಟು ಬಿದ್ದಿತ್ತು. ಟಪ್ ಟಪ್ ಅಂತಿದ್ದುದ್ದು ಅದೇಯ. ಒಸ ಸೆನ್ಸರ್ ತರ್ಸಿ ಆಕವಾ, ಅಲ್ಲೀ ಗಂಟ ಇಂಗೇ ಇರ್ಲಿ ಅಂತ ಕಟ್ ಮಾಡ್ದೆ. ಮೂಲೇಲಿ ಬೂಂ ಅಂತಿತ್ತಲ್ಲ, ಈಚೆಗೆ ಎಳ್ದೆ. ಅಷ್ಟ್ರಲ್ಲಿ ನೀನು ಬಂದು ನನ್ನ ಭುಜ ಇಡ್ಕೊಂಡು ಕುಣಿದ್ಬುಟ್ಟೆ. ಇದು ಸರ್ವೋ ಅಂದ್ರೆ ಅಂದೆ. ನಾನೇನ್ ಯೋಳ್ಲಿ?"

"ನಿಜ ಹೇಳಬೇಕಿತ್ತು."

"ನಿಂಗಾ?" ಎಂದ. ಆ ಒಂದು ಮಾತನ್ನು ಅವನು ಹೇಳಿದ ರೀತಿಗೆ ನನ್ನ ಮೈ ಉರಿದುಹೋಯಿತು. ಅವನು ಮುಂದುವರಿಸಿದ. "ನಾನ್ ಮಾಡ್ಕೊಟ್ಟ ಬಾಕ್ಸ್ ಮ್ಯಾಲೆ ನೀರಿನ್ ಕ್ಯಾನ್ ಇಟ್ಟಿದ್ದೆ. ಬೇಜಾರಾಗಿತ್ತು ಕಣ್ಲಾ. ಆದ್ರೂ ನೀನು ಖುಸಿಯಾಗಿದ್ದೆ. ಅಷ್ಟು ದುಡ್ಡು ಸುರ್ದವ್ನಿಗೆ ಇದು ಕೆಟ್ಟೋಗೈತೆ ಅಂತ ಯಾವ್ ಬಾಯಲ್ಲಿ ಯೋಳ್ಲಿ? ನಾಳೆ ಯೋಳವಾ, ನಾಡಿದ್ದು ಯೋಳವಾ ಅಂತ ಅಂಗೇ ಆಗೋಯ್ತು."

ನೀರಿನ ಕ್ಯಾನಿನ ಮಾತು ನನ್ನನ್ನು ತಾಗಿತು. ಸುಳ್ಳಾಡುವುದಿಲ್ಲ, ನನ್ನ ಸಿಟ್ಟು ಅರ್ಧ ಇಳಿಯಿತು. ತಪ್ಪು ನನ್ನದೂ ಇತ್ತು. ಹದಿನೈದು ವರ್ಷ ಹಾಡಿದ ಪೆಟ್ಟಿಗೆಯನ್ನು ಸ್ಟೂಲು ಮಾಡಿದವನು ನಾನು. ಅವನು ಎದ್ದು ಎದುರಿನ ಹೋಟೆಲಿಗೆ ಕೈ ಮಾಡಿ ಟೀ ಹೇಳಿದ. ನಾನು ಕುರ್ಚಿ ಎಳೆದು ಕೂತೆ. ಇಬ್ಬರೂ ಟೀ ಕುಡಿದೆವು. ಇನ್ನೊಂದು ಹತ್ತು ನಿಮಿಷ ಹಾಗೇ ಕಳೆದಿದ್ದರೆ ನಾವು ನಕ್ಕು ಹಗುರಾಗುತ್ತಿದ್ದೆವು ಎಂದೇ ನನ್ನ ನಂಬಿಕೆ.

ಆಗ ಅಂಗಡಿಗೆ ಒಬ್ಬರು ಬಂದರು. ನಾಗಮಂಗಲದ ಕಲ್ಯಾಣಮಂಟಪದ ಯಜಮಾನರು. ನನ್ನ ಮನೆಗೆ ಬಂದಿದ್ದವರು. ರಿಪೇರಿಗೆ ಕೊಟ್ಟಿದ್ದ ಮೈಕು ತೆಗೆದುಕೊಳ್ಳಲು ಬಂದಿದ್ದರು. ನನ್ನನ್ನು ನೋಡಿ ಮುಖ ಅರಳಿಸಿ ನಮಸ್ಕಾರ ಮಾಡಿದರು. ನೆಲದ ಮೇಲಿದ್ದ ಸರ್ವೋ ಕಣ್ಣಿಗೆ ಬಿತ್ತು.

"ಓ, ಕೊನೆಗೂ ತಂದ್ಬುಟ್ರಾ ಸಾರ್! ತಂತಿ ಆಕುಸ್ತೀರಾ?" ಎಂದರು. ಕೇಡಿನ ನಗುವಲ್ಲ ಅದು. ಪರಿಚಯದವರ ಮನೆಯ ಹಸು ವಾಸಿಯಾಯಿತಾ ಎಂದು ಕೇಳುವ ಹಾಗೆ ಕೇಳಿದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ನಿಮಗೆ ಹೇಗೆ ಗೊತ್ತು?" ಎಂದೆ.

ಅವರು ನನ್ನ ಸ್ನೇಹಿತನ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಏನೋ ಎಡವಟ್ಟಾಯಿತು ಎಂದು ಅವರಿಗೂ ಹೊಳೆದಿರಬೇಕು. ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು, ದುಡ್ಡು ಆಮೇಲೆ ಕೊಡ್ತೀನಿ ಎಂದು ಇಳಿದು ಹೋದರು.

ನಾನು ಕೇಳಬೇಕಾಗಿರಲಿಲ್ಲ. ಎಲ್ಲ ತಾನಾಗಿಯೇ ಜೋಡಿಕೊಂಡಿತು. ಅವನು ನನ್ನ ಮನೆಗೆ ಜನರನ್ನು ಕರೆತರುತ್ತಿದ್ದದ್ದು ನನ್ನ ಸರ್ವೋ ತೋರಿಸಿ ಮೆರೆಸುವುದಕ್ಕಲ್ಲ. ಬರುವ ದಾರಿಯಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ಅವರಿಗೆ ಮೊದಲೇ ಹೇಳಿರುತ್ತಿದ್ದ: ಮೇಷ್ಟ್ರು ಸುರಿದ ದುಡ್ಡು ಇಷ್ಟು, ಅದರ ತಂತಿ ನಾನೇ ಕಟ್ ಮಾಡಿದ್ದೀನಿ, ಅವರಿಗೆ ಗೊತ್ತಿಲ್ಲ, ನೀವೇ ಕಿವಿಯಾರೆ ಕೇಳಿ, ದುಬಾರಿಯದಕ್ಕೂ ನಾನು ಮಾಡಿಕೊಡುವ ಬಾಕ್ಸಿಗೂ ಏನು ವ್ಯತ್ಯಾಸ ಹೇಳಿ. ಅವರು ಬಂದು, ನನ್ನ ಸೋಫಾದ ಮೇಲೆ ಕೂತು, ಗೊತ್ತಿದ್ದೂ ಗೊತ್ತಿದ್ದೂ ನನ್ನ ಪಾಠ ಕೇಳಿ ತಲೆ ಆಡಿಸಿ, ಹೋಗುತ್ತ ಅವನಿಗೆ ಬಾಕ್ಸ್ ಆರ್ಡರ್ ಕೊಡುತ್ತಿದ್ದರು. ನನ್ನ ಹಾಲು ಅವನ ಷೋರೂಮಾಗಿತ್ತು. ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ವಸ್ತು ಸರ್ವೋ ಅಲ್ಲ, ನಾನು.

"ಎಲ್ಲರಿಗೂ ಹೇಳಿದ್ಯಾ?" ಎಂದೆ.

ಅವನು ತಲೆ ತಗ್ಗಿಸಿದ. "ತಪ್ಪಾಯ್ತು ಮೇಷ್ಟ್ರೇ" ಎಂದ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಇಬ್ಬರೇ ಇರುವಾಗ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಲೇ ಎಂದಿದ್ದರೆ ಕಪಾಳಕ್ಕೆ ಒಂದು ಬಿಟ್ಟು ಮನೆಗೆ ಹೋಗುತ್ತಿದ್ದೆ.

"ನನಗೆ ಹೇಳೋಕಾಗಲಿಲ್ಲ, ಊರಿಗೆಲ್ಲ ಹೇಳೋಕಾಯ್ತಾ?"

"ನೀವು ಮೇಷ್ಟ್ರು" ಎಂದ. "ಅವರ್ಯಾರೂ ಮೇಷ್ಟ್ರಲ್ಲ. ಅವ್ರುಗೆ ಯೋಳದು ಸುಲ್ಬ."

ಸರ್ವೋವನ್ನು ಅಲ್ಲೇ ಬಿಟ್ಟು ಬಂದೆ. ಅದು ಈಗಲೂ ಅಲ್ಲೇ ಇದೆ. ಹೊಸ ಸೆನ್ಸರು ತರಿಸಿ ಹಾಕಿದ್ದಾನಂತೆ, ಮೊದಲು ತಂತಿ ಇಲ್ಲದೆ, ಆಮೇಲೆ ತಂತಿ ಹಾಕಿ ಕೇಳಿಸುತ್ತಾನಂತೆ, ವ್ಯತ್ಯಾಸ ಇದೆಯೋ ಇಲ್ಲವೋ ನಾನೇ ಬಂದು ಹೇಳಬೇಕಂತೆ. ಫೋನಿನಲ್ಲಿ ಹೆಂಡತಿಗೆ ಹೇಳಿದ್ದಾನೆ, ನಾನು ಅವನ ಫೋನು ಎತ್ತುವುದಿಲ್ಲ. ದುಬಾರಿಯದು ನಿಜಕ್ಕೂ ಚೆನ್ನಾಗಿರುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯುವ ಆಸೆಯೂ ಇಲ್ಲ. ಆರು ವರ್ಷ ಕಿವಿ ಮೇಲೆ ಹೂವಿಟ್ಟುಕೊಂಡು ಓಡಾಡಿದವನು ಇನ್ನು ಯಾವ ಕಿವಿ ತೆಗೆದುಕೊಂಡು ಹೋಗಲಿ?

ಹೆಂಡತಿ ಒಂದೇ ಒಂದು ಮಾತು ಕೇಳಿದಳು, ಅದೂ ಕಾಫಿ ಸೋಸುತ್ತ. "ಅವರು ಮಾಡಿದ್ದು ಬಿಡಿ. ಅವತ್ತು ಸಭೇಲಿ ನೀವು ಮಾಡಿದ್ದು?" ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಅವಳ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆದರೆ ಅವಳು ಹೇಳಿದ್ದು ತಲೆಯಿಂದ ಇಳಿಯಲಿಲ್ಲ. ಅವನು ಹತ್ತಾರು ಗಿರಾಕಿಗಳೆದುರು ನನ್ನನ್ನು ಮಂಗ ಮಾಡಿದ. ನಾನು ನಲವತ್ತು ಜನ ಮೇಷ್ಟ್ರುಗಳಿಗೆ ಇಲ್ಲದ ವ್ಯತ್ಯಾಸವನ್ನು ಕೇಳಿಸಿ ಕಳಿಸಿದ್ದೆ. ಅವರು ಅದನ್ನು ತಮ್ಮ ಮಕ್ಕಳಿಗೆ ಹೇಳಿರಬಹುದು. ಮುಂದಿನ ಸಭೆಯಲ್ಲಿ ಎದ್ದು ನಿಂತು ನಿಜ ಹೇಳುವುದೆಂದು ನಿರ್ಧರಿಸಿದೆ. ಮರ್ಯಾದೆ ಹೋದರೆ ಹೋಗಲಿ, ನಮ್ಮಿಬ್ಬರಲ್ಲಿ ಒಬ್ಬನಾದರೂ ನಿಜ ಹೇಳಲಿ ಎಂಬ ಹಟ.

ಮುಂದಿನ ಸಭೆ ಬಂತು. ಕಾರ್ಯಸೂಚಿ ಇತರೆ ವಿಷಯಗಳು ಎಂಬಲ್ಲಿಗೆ ಬಂದಾಗ ಎದ್ದು ನಿಂತೆ. ಅವತ್ತು ನಾನು ತಂತಿ ಕಳಚಲಿಲ್ಲ, ಅದು ಮೊದಲೇ ತುಂಡಾಗಿತ್ತು, ನೀವು ಎರಡು ಸಲ ಕೇಳಿದ್ದೂ ಒಂದೇ ಸದ್ದು, ನಾನು ನಾಟಕ ಆಡಿದೆ, ದಯವಿಟ್ಟು ಕ್ಷಮಿಸಿ ಎಂದೆ. ಗದ್ದಲವಾಗುತ್ತದೆ, ಯಾರಾದರೂ ಬೈಯುತ್ತಾರೆ ಎಂದು ಕಾದೆ. ಯಾರೂ ಬೈಯಲಿಲ್ಲ. ಯಾರಿಗೂ ಆಶ್ಚರ್ಯವೇ ಆಗಲಿಲ್ಲ. ಗಣಿತದ ಮೇಷ್ಟ್ರು ಪೆನ್ನಿನ ಮುಚ್ಚಳ ನೋಡುತ್ತ ಕೂತರು. ಮೇಲುಕೋಟೆ ಕಡೆಯ ಶಾಲೆಯ ಮೇಡಂ ಒಬ್ಬರು, ನನಗಿಂತ ಹತ್ತು ವರ್ಷ ಚಿಕ್ಕವರು, ಸಮಾಧಾನ ಮಾಡುವ ದನಿಯಲ್ಲಿ ಮಾತಾಡಿದರು.

"ಇರ್ಲಿ ಬಿಡಿ ಸಾರ್. ನಮಗೂ ಅವತ್ತು ಏನೂ ವ್ಯತ್ಯಾಸ ಕೇಳಿಸಲಿಲ್ಲ. ನೀವು ಸೀನಿಯರ್ರು, ಪಾಪ ಅಷ್ಟು ಭಾರದ್ದು ಹೊತ್ಕೊಂಡು ಬಂದಿದ್ರಿ. ನೀವು ಬೇಜಾರು ಮಾಡ್ಕೋತೀರ ಅಂತ ಹೂಂ ಅಂದ್ವಿ."

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾನೂ ನಕ್ಕು ಕೂತೆ. ಟೀ, ಬಿಸ್ಕತ್ತು ಬಂತು, ಗಣಿತದ ಮೇಷ್ಟ್ರು ತಮ್ಮ ಪಾಲಿನ ಬಿಸ್ಕತ್ತನ್ನೂ ನನ್ನ ತಟ್ಟೆಗೆ ಹಾಕಿದರು. ಕೆ.ಆರ್. ಪೇಟೆಯ ಅಂಗಡಿಯಲ್ಲಿ ಆದ ನೋವಿಗೆ ಬೈಯಲು ಒಬ್ಬನಿದ್ದ. ಇಲ್ಲಿ ಯಾರನ್ನು ಬೈಯಲಿ?

ಮರುದಿನ ಬೆಳಿಗ್ಗೆ ಹತ್ತನೇ ತರಗತಿ. ನಿಮ್ನ ದರ್ಪಣದ ಪಾಠ. ಕಿರಣಗಳನ್ನು ಎಳೆದು, ಸಂಗಮ ಬಿಂದು ಗುರುತಿಸಿ, ಪ್ರತಿಬಿಂಬ ಯಾವಾಗ ತಲೆಕೆಳಗಾಗುತ್ತದೆ, ಯಾವಾಗ ನೇರವಾಗುತ್ತದೆ ಎಂದು ಹೇಳಿ, ಕೈಯ ಸೀಮೆಸುಣ್ಣ ಕೊಡವಿಕೊಂಡು ಹಿಂತಿರುಗಿದೆ.

"ಅರ್ಥ ಆಯ್ತಾ?"

"ಆಯ್ತು ಸಾ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

ಇಪ್ಪತ್ತೆಂಟು ವರ್ಷದಿಂದ ಆ ಎರಡು ಪದ ಕೇಳಿಸಿಕೊಂಡು ನಾನು ಮುಂದಿನ ಪಾಠಕ್ಕೆ ಹೋಗಿದ್ದೇನೆ. ಅವತ್ತು ಪುಟ ತಿರುಗಿಸಲು ಕೈ ಬರಲಿಲ್ಲ. ಬೆಲ್ಲು ಹೊಡೆಯುವವರೆಗೂ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತೆ.